ಅರ್ಧ ಕಪ್ಪಿನ ಅಡ್ಡಾಟ

ಮಧ್ಯಾಹ್ನ ಉಂಡ ಕೂಡಲೇ ಅಡ್ಡಾಗುವುದು ನನ್ನ ಹಕ್ಕು ಎಂದೇ ತಿಳಿದಿದ್ದೆ. ದಾಂಡೇಲಿಯ ನಮ್ಮ ಓಣಿಯಲ್ಲಿ ಕಾಗದ ಗಿರಣಿಯವರೇ ಹೆಚ್ಚು. ಪಾಳಿಯ ಕೆಲಸದ ಮನೆಗಳಲ್ಲಿ ಯಾರು ಯಾವಾಗ ಮಲಗಿದರೂ ಕೇಳುವವರಿಲ್ಲ. ಸಕ್ಕರೆ ಕಾಯಿಲೆ ಏರುತ್ತಲೇ ಹೋದಾಗ ದವಾಖಾನೆಯ ಡಾಕ್ಟರ್ ಬಾಯಿಯವರು ನನ್ನ ಆ ನಿದ್ದೆಗೇ ಕೈ ಹಾಕಿದರು.

“ಉಂಡು ಮಲಗಬ್ಯಾಡ್ರಿ. ಸಾವಕಾಶ ಅಡ್ಡಾಡ್ರಿ, ಓಡೂದೇನೂ ಬ್ಯಾಡ. ಕಾಲು ಕೆಲಸಾ ಮಾಡಿದ್ರ ರಕ್ತದಾಗಿನ ಸಕ್ಕರಿ ಅಲ್ಲೇ ಖರ್ಚಾಗತೈತಿ. ಇಳೀಲಿಲ್ಲಂದ್ರ ಇನ್ಸುಲಿನ್ ಚಾಲೂ ಮಾಡೂಣು. ಅದರಾಗ ಹೆದರೂದೇನಿಲ್ಲ.”

ಹೆದರುವುದೇನಿಲ್ಲ ಎನ್ನಲು ಅವರ ಗಂಟೇನು ಹೋಗುತ್ತದೆ? ನಮ್ಮವ್ವನ ಹೊಟ್ಟೆಗೆ ದಿನಾ ಸೂಜಿ ಚುಚ್ಚುತ್ತಿದ್ದವಳು ನಾನು. ಆಕೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಸೂಜಿ ಎಂದರೆ ನನಗೆ ಈಗಲೂ ಆ ಗೋಡೆಯೇ ಕಣ್ಣ ಮುಂದೆ ಬರುತ್ತದೆ.

ಮರುದಿನವೇ ಎದುರು ಮನೆಯ ಭಾಭಿಯನ್ನು ಕರೆದುಕೊಂಡು ಹೊರಟೆ. ಅವರ ಮನೆಯವರದು ಗ್ಯಾರೇಜು. ಭಾಭಿಗೂ ಸಕ್ಕರೆ ಇದೆ, ಆದರೆ ಬಾಯಿಯ ಮೇಲೆ ಹಿಡಿತವೂ ಇದೆ. ನಮ್ಮಲ್ಲಿ ಬಾಗಿಲ ಮುಂದೆ ಹಾಯ್ದವರನ್ನು ಚಹಾ ಕೊಡದೆ ಬಿಡುವ ರೂಢಿ ಇಲ್ಲ. “ಬರ್ರಿ, ಚಾ ಕುಡದು ಹೋಗ್ರಿ” ಎಂದು ಒಂದು ಮನೆ ಕರೆದರೆ ಮುಂದಿನ ಮನೆಯಲ್ಲಿ ಪಾತ್ರೆ ಒಲೆಯ ಮೇಲಿರುತ್ತಿತ್ತು. ನಾನು ಶಿಸ್ತಿನವಳು, ಎಲ್ಲರ ಮನೆಯಲ್ಲೂ ಅರ್ಧ ಕಪ್ಪೇ ಕುಡಿಯುತ್ತಿದ್ದೆ.

“ಅಕ್ಕಾ, ಅರ್ಧಾ ಅರ್ಧಾ ಕೂಡಿದ್ರ ಎಷ್ಟ್ ಆಗತೈತಿ?” ಎಂದು ಭಾಭಿ ಚುಡಾಯಿಸಿದರೆ, “ನೀವು ಸುಮ್ನ ನಡೀರಿ” ಎಂದು ಗದರುತ್ತಿದ್ದೆ.

ಮುಂದಿನ ತಪಾಸಣೆಯಲ್ಲಿ ಸಕ್ಕರೆ ಮೊದಲಿಗಿಂತ ಹೆಚ್ಚಿತ್ತು. “ಅಡ್ಡಾಡೂದು ಬಿಟ್ಟೀರೇನ್ರಿ?” ಎಂದರು ಡಾಕ್ಟರ್. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಭಾಭಿ ಇದ್ದದ್ದನ್ನೆಲ್ಲ ಹೇಳಿಬಿಟ್ಟರು. ಡಾಕ್ಟರ್ ನಗಲಿಲ್ಲ. ಇನ್ನೊಂದೇ ಸಲ ನೋಡೋಣ, ಆಮೇಲೆ ಸೂಜಿಯೇ ಎಂದರು.

ಮಾರನೆಯ ದಿನ ಮೊದಲ ಮನೆಯಲ್ಲೇ ಚಹಾ ಒಲ್ಲೆ ಎಂದೆ. ಆ ಮನೆಯಾಕೆಯ ಮುಖ ಸಣ್ಣದಾಯಿತು. “ಯಾಕ್ರಿ, ನಮ್ಮನಿ ಚಾ ಸೇರೂದಿಲ್ಲೇನು?”

“ಚಾ ಬ್ಯಾಡವಾ, ಅಡ್ಡಾಡಾಕ ಜೋಡಿ ಕೊಡು. ಚಪ್ಪಲಿ ಮೆಟ್ಕೊಂಡು ಬಾ” ಎಂದೆ. ಸಿಟ್ಟಿನಲ್ಲಿ ಅಂದದ್ದು, ಆಕೆ ನಿಜವಾಗಿಯೂ ಬಂದಳು. ಮುಂದಿನ ಮನೆಯಾಕೆಯನ್ನು ಅವಳೇ ಕರೆದಳು. ನೋಡನೋಡುತ್ತಾ ಓಣಿಯ ಹೆಂಗಸರೆಲ್ಲ ಬೀದಿಯಲ್ಲಿದ್ದೆವು; ಕರೆದು ಚಹಾ ಕೊಡಲು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಸೊಸೆಯಂದಿರ ಮಾತು, ಸಂತೆಯ ಮಾತು ಆಡುತ್ತಾ ಮರದ ನೆರಳಲ್ಲಿ ನಿಧಾನಕ್ಕೆ ಹೋಗಿ ಬರುತ್ತಿದ್ದೆವು. ಮಧ್ಯಾಹ್ನದ ಜಡ ಹೋಯಿತು, ಮೈ ಹಗುರವಾಯಿತು. ನಿದ್ದೆಯ ನೆನಪೂ ಬರುತ್ತಿರಲಿಲ್ಲ.

ಕೊನೆಯ ತಪಾಸಣೆಗೆ ನಾನೊಬ್ಬಳೇ ಒಳಗೆ ಹೋದೆ. ಡಾಕ್ಟರ್ ಕಾಗದ ನೋಡಿ, “ಇಳದೈತ್ರಿ. ಈಗ ಸೂಜಿ ಬ್ಯಾಡ. ಗುಳಿಗಿ ತಗೋರಿ, ಅಡ್ಡಾಡೂದು ಬಿಡಬ್ಯಾಡ್ರಿ” ಎಂದರು. ಸಂತೋಷಕ್ಕೆ ಕಣ್ಣು ತುಂಬಿಕೊಂಡೇ ಕಾಗದ ಮಡಚಿ ಎದ್ದೆ.

ಹೊರಗೆ ಬಂದರೆ ದವಾಖಾನೆಯ ಅಂಗಳದಲ್ಲಿ ಇಡೀ ಓಣಿಯೇ ನಿಂತಿತ್ತು. ನನ್ನ ಕಣ್ಣಲ್ಲಿ ನೀರು ಕಂಡು ಎಲ್ಲರೂ ಸಪ್ಪಗಾದರು. ಭಾಭಿ ಹತ್ತಿರ ಬಂದು ಕೈ ಹಿಡಿದು, “ಇರ್ಲಿ ಅಕ್ಕಾ. ದಿನಾ ನಾನು ಬಂದು ಚುಚ್ಚತೇನಿ. ನೀವು ನನ್ನ ಮಾರಿ ನೋಡ್ರಿ” ಎಂದರು.