ಹತ್ತಾರು ಸಲ ಸತ್ತ ಎಲೀಹಿಯೊ

ಲಾಸ್ ಗಾರ್ಸಾಸ್ ಊರಿನಲ್ಲಿ ಎಲೀಹಿಯೊ ಬರ್ರಾಸನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಪಾದ್ರಿಯೊಬ್ಬರೇ. ಮಿಕ್ಕವರಿಗೆಲ್ಲ ಅವನು ‘ಹೆಣ’. “ಹೆಣ ಎದ್ದಿತಾ?”, “ಹೆಣ ಇನ್ನೂ ಕಾಫಿ ಕುಡೀತಾ ಕೂತಿದೆ” ಎಂದು ಶಾಲೆಗೆ ಹೋಗುವ ಮಕ್ಕಳೂ ಸಲೀಸಾಗಿ ಹೇಳುತ್ತಿದ್ದವು. ಹೊಸಬರು ಕೇಳಿದರೆ ಎದೆ ಹೊಡೆದುಕೊಳ್ಳಬೇಕು. ಅವನಿಗೆ ಮಾತ್ರ ಆ ಹೆಸರೆಂದರೆ ಹೆಮ್ಮೆ. ಅಪ್ಪ ಅಮ್ಮ ಇಟ್ಟಿದ್ದಲ್ಲ, ತಾನೇ ದುಡಿದು ಸಂಪಾದಿಸಿದ್ದು.

ಅವನ ಹರೆಯದಲ್ಲಿ ಉತ್ತರದ ಗಡಿಯಾಚೆಯಿಂದ ಇಂಗ್ಲಿಷ್ ಸಿನಿಮಾದವರು ದುರಾಂಗೊ ಸೀಮೆಗೆ ದಂಡು ಕಟ್ಟಿಕೊಂಡು ಬರುತ್ತಿದ್ದರು. ಬಯಲು, ಬೋಳು ಗುಡ್ಡ, ಬೇಕಾದಷ್ಟು ಬಿಸಿಲು. ಕುದುರೆ ಓಡಿಸಿ ಗುಂಡು ಹಾರಿಸುವವರಿಗೆ ಇನ್ನೇನು ಬೇಕು? ಊರಾಚೆ ಒಂದು ಹಲಗೆ ಬೀದಿಯನ್ನೇ ಎಬ್ಬಿಸಿದರು. ಮುಂದಿನಿಂದ ನೋಡಿದರೆ ಬ್ಯಾಂಕು, ಹೆಂಡದಂಗಡಿ, ಠಾಣೆ. ಹಿಂದೆ ಹೋಗಿ ನೋಡಿದರೆ ಊರೆಗೋಲು, ಆಡಿನ ಹಿಕ್ಕೆ. ಅಂಗಡಿಗಳ ಫಲಕ ಬರೆಯಲು ಎಲೀಹಿಯೊನನ್ನು ಕರೆದರು. ಅಪ್ಪನ ಕಾಲದಿಂದ ಗೋಡೆಬರಹವೇ ಅವರ ಮನೆಯ ಕಸುಬು. ಇಂಗ್ಲಿಷಿನ ಗಂಧಗಾಳಿ ಇಲ್ಲದಿದ್ದರೂ ಕೊಟ್ಟ ಚೀಟಿಯನ್ನು ನೋಡಿ ನೋಡಿ ಮುತ್ತು ಪೋಣಿಸಿದಂತೆ ಬರೆದ. ಶವಪೆಟ್ಟಿಗೆ ಅಂಗಡಿಯ ಫಲಕವನ್ನು ಮಿಠಾಯಿ ಅಂಗಡಿಯದೆಂದು ತಿಳಿದು ಸುತ್ತಲೂ ಗುಲಾಬಿ ಬಳ್ಳಿ ಹಬ್ಬಿಸಿಬಿಟ್ಟ. ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕು, ಹಾಗೇ ಇರಲಿ ಎಂದನಂತೆ.

ಒಂದು ದಿನ ಸಾಯುವವನೊಬ್ಬ ಕಡಿಮೆ ಬಿದ್ದ. ಕೈಯಲ್ಲಿ ಕುಂಚ ಹಿಡಿದು ನಿಂತಿದ್ದ ಎಲೀಹಿಯೊನನ್ನೇ ಎಳೆದು ದರೋಡೆಕೋರನ ಟೋಪಿ ಹಾಕಿದರು. ಗುಂಡಿನ ಸದ್ದಿಗೆ ಅವನು ಮಾಳಿಗೆಯಿಂದ ಹುಲ್ಲಿನ ರಾಶಿಗೆ ಎಷ್ಟು ಚೆಂದ ಉರುಳಿದನೆಂದರೆ ಅಂದಿನಿಂದ ಅದೇ ಕೆಲಸವಾಯಿತು. ಕುದುರೆಯಿಂದ ಬಿದ್ದ, ಮೆಟ್ಟಿಲಿನಿಂದ ಬಿದ್ದ, ಒಂದೇ ಸಿನಿಮಾದಲ್ಲಿ ಎರಡೂ ಕಡೆಯವನಾಗಿ ಸತ್ತ. ಒಮ್ಮೆ ದೂಳಿನಲ್ಲಿ ಸತ್ತು ಮಲಗಿದ್ದಾಗ ಚೇಳೊಂದು ಅವನ ಕುತ್ತಿಗೆಯ ಮೇಲೆ ಹತ್ತಿ, ಗಲ್ಲ ದಾಟಿ, ಕಿವಿಯ ಹತ್ತಿರ ನಿಂತು ಯೋಚಿಸತೊಡಗಿತು. ಕ್ಯಾಮರಾ ಓಡುತ್ತಲೇ ಇತ್ತು. ಹೆಣ ಕದಲಲಿಲ್ಲ. ನಿರ್ದೇಶಕ “ಸಾಕು” ಎಂದದ್ದೇ ತಡ, ಒಂದೇ ನೆಗೆತಕ್ಕೆ ಎದ್ದು ಕುದುರೆಗಳ ನೀರಿನ ತೊಟ್ಟಿಗೆ ಹಾರಿದ! ಇಡೀ ತಂಡ ಚಪ್ಪಾಳೆ ತಟ್ಟಿತು. ಹೆಸರು ಬಿದ್ದದ್ದು ಅವತ್ತು.

ಆಮೇಲೆ ಸಿನಿಮಾದವರು ಬರುವುದು ನಿಂತಿತು. ಹಲಗೆ ಬೀದಿಯ ಅರ್ಧ ಭಾಗ ಊರವರ ಒಲೆ ಸೇರಿತು. ಎಲೀಹಿಯೊ ಮದುವೆಯಾದ, ಮಕ್ಕಳನ್ನು ಬೆಳೆಸಿದ, ದಿನಸಿ ಅಂಗಡಿ, ಟಯರು ಅಂಗಡಿ, ಚುನಾವಣೆಯ ಗೋಡೆಗಳನ್ನೆಲ್ಲ ಅಕ್ಷರಗಳಿಂದ ತುಂಬಿದ. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಕಾಫಿಗೆ ಊರವರು ಗೌರವದಿಂದ ‘ದೊನ್ಯಾ’ ಎನ್ನುವ ಒಬ್ದೂಲಿಯಾಳ ಗೊರ್ದಿತಾ ಅಂಗಡಿಯೇ ಅವನಿಗೆ ಮನೆ.

ಒಬ್ದೂಲಿಯಾ ಗೊರ್ದಿತಾ ಎಂಬ ದಪ್ಪ ಜೋಳದ ರೊಟ್ಟಿಗಳ ಹೊಟ್ಟೆ ಸೀಳಿ ಹುರುಳಿ, ಮಾಂಸ, ಮೆಣಸಿನಕಾಯಿ ತುಂಬುತ್ತಾ ನಿಂತಲ್ಲೇ ಇಡೀ ಊರನ್ನು ಆಳುತ್ತಿದ್ದಳು. ಹಳೆಯ ಕಪ್ಪು ಬಿಳುಪು ಸಿನಿಮಾ ಎಂದರೆ ಅವಳಿಗೆ ಪ್ರಾಣ. ಮೂಲೆಯ ಮೇಜಿನ ಮೂರನೆಯವನು ಚೋನ್ ನೆವಾರೆಸ್. ಮಸತ್ಲಾನ್ ಕಡಲಿಗೆ ಇಳಿಯುವ ಹಳೆಯ ಘಾಟಿಯಲ್ಲಿ ಆಯುಷ್ಯವಿಡೀ ಲಾರಿ ಓಡಿಸಿದವನು, ಎಲೀಹಿಯೊಗೆ ಕಂಪಾದ್ರೆ. ಅಂದರೆ ಚೋನನ ಮಗಳಿಗೆ ಜ್ಞಾನಸ್ನಾನದಲ್ಲಿ ಎಲೀಹಿಯೊ ಧರ್ಮಪಿತ. ಆ ನಂಟು ರಕ್ತದ್ದಕ್ಕಿಂತ ಗಟ್ಟಿ, ಬೈಯುವ ಹಕ್ಕನ್ನೂ ಕೊಡುವಂಥದ್ದು.

“ನಮ್ಮ ಕಾಲದ ಸಿನಿಮಾದಲ್ಲಿ ಒಂದು ಮುತ್ತಿಗೆ ಮುಂಚೆ ಮೂರು ಹಾಡು ಇರ್ತಿತ್ತು” ಎನ್ನುತ್ತಿದ್ದಳು ಒಬ್ದೂಲಿಯಾ. “ಈಗ? ಹೆಸರು ಕೇಳೋಕೆ ಮುಂಚೇನೇ ಮುತ್ತು.”

“ಪಾಪ, ಅವರಿಗೂ ಬೇರೆ ಕೆಲಸ ಇರುತ್ತೆ ದೊನ್ಯಾ” ಎನ್ನುತ್ತಿದ್ದ ಚೋನ್. “ಸಿನಿಮಾ ಬಿಡಿ. ದೆವ್ವದ ಬೆನ್ನುಮೂಳೆ ಘಾಟಿಯಲ್ಲಿ ಬೆಳಗಿನ ಮಂಜು ನೋಡಿದೀರಾ? ಅಲ್ಲೇ ನನಗೆ ಜಾಗ್ವಾರ್ ಸಿಕ್ಕಿದ್ದು, ಚುಕ್ಕೆ ಚುಕ್ಕೆ ಹುಲಿ. ರಸ್ತೆ ಮಧ್ಯೆ ನಿಂತು ನನ್ನ ಕಣ್ಣಲ್ಲಿ ಕಣ್ಣಿಟ್ಟು…”

“ಹೋದ ವರ್ಷ ಅದು ರಸ್ತೆ ಪಕ್ಕದಲ್ಲಿತ್ತು” ಎನ್ನುತ್ತಿದ್ದ ಎಲೀಹಿಯೊ. “ಅದಕ್ಕೆ ಹಿಂದಿನ ವರ್ಷ ಬರೀ ಬಾಲ. ಮುಂದಿನ ವರ್ಷ ನಿನ್ನ ಲಾರೀಲಿ ಕೂತು ಬೀಡಿ ಕೇಳುತ್ತೆ ಬಿಡು.”

“ಸತ್ತೋನಿಗೇನು ಗೊತ್ತು ಬದುಕಿರೋ ಪ್ರಾಣಿ ವಿಷಯ? ಸುಮ್ನೆ ಕುಡಿ.”

ಹೀಗೇ ನಡೆಯುತ್ತಿತ್ತು. ಒಂದು ವರ್ಷ ಜುಲೈ ಮಳೆಗೆ ಅಂಗಡಿಯ ಹೊರಗೋಡೆಯ ಗಾರೆ ಹಾಳೆ ಹಾಳೆಯಾಗಿ ಉದುರಿಬಿತ್ತು. ಒಬ್ದೂಲಿಯಾ ಹೊಸ ಗಾರೆ ಮಾಡಿಸಿ, ಸುಣ್ಣ ಬಳಿಸಿ, ಸೊಂಟಕ್ಕೆ ಕೈಯಿಟ್ಟು ಎಲೀಹಿಯೊನ ಮುಂದೆ ನಿಂತಳು.

“ಲೋ ಹೆಣ, ಆ ಗೋಡೆ ಮೇಲೆ ಏನಾದ್ರೂ ಬರಿ.”

“ಒಬ್ದೂಲಿಯಾ ಗೊರ್ದಿತಾ ಅಂತ ಬರೀತೀನಿ. ಕೆಂಪು ಅಕ್ಷರ, ನೀಲಿ ನೆರಳು, ಚಿನ್ನದ ಅಂಚು.”

“ನನ್ನ ಹೆಸರು ಊರಿಗೆಲ್ಲ ಗೊತ್ತು. ನನಗೆ ಚಿತ್ರ ಬೇಕು. ಹಳೇ ಸಿನಿಮಾದಲ್ಲಿರೋ ಹಾಗೆ ರೈಲ್ವೆ ಸ್ಟೇಷನ್ನು, ಅವಳು ಕಿಟಕೀಲಿ, ಅವನು ಹೊಗೆ ಒಳಗೆ ಟೋಪಿ ತೆಗೆದು ನಿಂತಿರೋದು.”

“ಜಾಗ್ವಾರ್ ಬರಿ” ಎಂದ ಚೋನ್. “ಹಿಂದೆ ಬೆಟ್ಟ.”

ಎಲೀಹಿಯೊ ಬಟ್ಟಲಿನ ತಳ ನೋಡಿದ. “ಮುಖ ನನ್ನ ಕೈಗೆ ಬರಲ್ಲ. ನಿಮಗೂ ಗೊತ್ತು.”

ಗೊತ್ತಿತ್ತು, ಇಡೀ ಊರಿಗೇ ಗೊತ್ತಿತ್ತು. ಹಿಂದೊಮ್ಮೆ ಪಾದ್ರಿ ತಿಬುರ್ಸಿಯೊ ಪ್ರಾರ್ಥನಾ ಮಂದಿರದ ಗೋಡೆಗೆ ಮಳೆ ಕೊಡುವ ಸಂತ ಇಸಿದ್ರೊನ ಚಿತ್ರ ಬರೆಸಿದ್ದರು. ಎತ್ತು ಚೆನ್ನಾಗಿ ಬಂತು, ನೇಗಿಲು ಚೆನ್ನಾಗಿ ಬಂತು. ಸಂತನ ಮುಖ ಮಾತ್ರ ಅಚ್ಚೊತ್ತಿದಂತೆ ಮಾಂಸದಂಗಡಿ ಫೆರ್ಮಿನನದಾಗಿತ್ತು, ಗಲ್ಲದ ನರೋಲಿ ಸಮೇತ. ಎಷ್ಟು ಅಳಿಸಿ ಬರೆದರೂ ಫೆರ್ಮಿನನೇ ಮತ್ತೆ ಮತ್ತೆ ಗೋಡೆಯೊಳಗಿಂದ ಮೂಡಿ ಬಂದ. “ಮನೇಲಿ ಇವನ ಸಂತತನ ನಾನು ಕಂಡಿಲ್ವಾ?” ಎಂದು ಅವನ ಹೆಂಡತಿ ಪೂಜೆಯ ಮಧ್ಯೆಯೇ ನಕ್ಕಳು. ಈಗಲೂ ಮಳೆ ತಡವಾದರೆ ಕಿಡಿಗೇಡಿಗಳು ಮಾಂಸದಂಗಡಿಗೆ ಹೋಗಿ ಕೈಮುಗಿದು ಬರುತ್ತಾರೆ. ಆ ನಗು ಎಲೀಹಿಯೊನ ಬೆರಳಿಗೆ ಮುಳ್ಳಿನಂತೆ ಚುಚ್ಚಿಕೊಂಡುಬಿಟ್ಟಿತ್ತು. ಅಂದಿನಿಂದ ಅಕ್ಷರ ಬಿಟ್ಟು ಬೇರೇನನ್ನೂ ಅವನು ಬರೆದಿರಲಿಲ್ಲ.

“ನೋಡದೇ ಬರೆದ್ರೆ ಹಾಗೇ ಆಗೋದು” ಎಂದ ಚೋನ್. “ನೀನು ಜನ್ಮದಲ್ಲಿ ಏನು ನೋಡಿದೀಯ? ಹಲಗೆ ಬೆಟ್ಟ, ಹಲಗೆ ಬ್ಯಾಂಕು. ಸೋಮವಾರ ಹೊರಡು. ಘಾಟಿ ತೋರಿಸ್ತೀನಿ. ದೊನ್ಯಾ, ನೀವೂ ಅಂಗಡಿ ಮುಚ್ಚಿ.”

“ನಾನಿಲ್ದೆ ನೀವಿಬ್ಬರೂ ಹಸಿದು ಸಾಯ್ತೀರಿ. ಒಬ್ಬನಿಗೆ ಅಭ್ಯಾಸ ಇದೆ, ಇನ್ನೊಬ್ಬನಿಗೆ ಇಲ್ಲ” ಎಂದಳು ಅವಳು. ಒಪ್ಪಿದಳೆಂದೇ ಅರ್ಥ.

ಸೋಮವಾರ ಚೋನನ ಹಳೆಯ ಪಿಕಪ್ಪಿನಲ್ಲಿ ಮೂವರೂ ಹೊರಟರು. ಹಿಂದೆ ಬುಟ್ಟಿಯ ತುಂಬ ಗೊರ್ದಿತಾ, ಗಿಣ್ಣು, ಮೆಂಬ್ರಿಯೊ ಹಣ್ಣಿನ ಹಲ್ವ. ಹೊಸ ಹೆದ್ದಾರಿ ಬಂದ ಮೇಲೆ ಹಳೆಯ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಪೈನ್ ಮರಗಳ ನಡುವೆ ಹಾವಿನಂತೆ ಹರಿದು, ಎರಡೂ ಬದಿ ಪ್ರಪಾತವಿರುವ ಬೆನ್ನುಮೂಳೆಯ ಮೇಲೆ ಗಾಡಿ ನಿಂತಿತು.

ಎಲೀಹಿಯೊ ಇಳಿದು ಅಂಚಿನ ಕಲ್ಲಿನ ಮೇಲೆ ಕೂತ. ಕಣ್ಣು ಹೋದಷ್ಟು ದೂರ ಬೆಟ್ಟದ ಹಿಂದೆ ಬೆಟ್ಟ. ಹತ್ತಿರದ್ದು ಹಸಿರು, ಅದರಾಚೆಯದು ನೀಲಿ, ಇನ್ನೂ ಆಚೆಯದು ಹೊಗೆ, ಕೊನೆಯದು ಇದೆಯೋ ಇಲ್ಲವೋ ಎಂಬಂತಿತ್ತು. ಅಕ್ಷರಕ್ಕೆ ನೆರಳು ಕೊಡಲು ತಾನು ಬೆರೆಸುತ್ತಿದ್ದ ನೀಲಿಯನ್ನು ಯಾರೋ ನೀರು ಹಾಕಿ ಹಾಕಿ ತೆಳುವಾಗಿಸುತ್ತಾ ಹೋಗಿದ್ದರು. ಮನೆಯಿಂದ ಕೆಲವೇ ತಾಸಿನ ದಾರಿ. ಎಪ್ಪತ್ತು ತುಂಬುವವರೆಗೆ ಬರದೇ ಹೋದೆನಲ್ಲ ಎಂದುಕೊಂಡ.

“ಏನೋ, ನಿಜವಾಗ್ಲೂ ಹೋಗಿಬಿಟ್ಯಾ?” ಎಂದಳು ಒಬ್ದೂಲಿಯಾ.

“ಸ್ವಲ್ಪ ಸುಮ್ನಿರಿ ದೊನ್ಯಾ. ನೋಡ್ತಾ ಇದೀನಿ.”

ಅವಳೂ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಚೋನ್ ಅವರಿಬ್ಬರ ಭುಜ ಹಿಸುಕಿ ಪಿಸುಗುಟ್ಟಿದ: “ಅಲುಗಾಡಬೇಡಿ. ಗಾಡಿ ಹತ್ತಿರ ಏನೋ ಇದೆ. ಉಸಿರು ಕೇಳ್ತಿದೆ. ದೇವರಾಣೆ, ಅದೇ ಇರಬೇಕು.”

ಮೂವರೂ ಮೆಲ್ಲಗೆ ಕತ್ತು ತಿರುಗಿಸಿದರು. ಜಾಗ್ವಾರ್ ಇರಲಿಲ್ಲ. ಪಿಕಪ್ಪಿನ ಸುತ್ತ ಪಟ್ಟೆಪಟ್ಟೆ ಬಾಲಗಳು ಬಾವುಟದಂತೆ ನೆಟ್ಟಗೆ ನಿಂತಿದ್ದವು. ತೆಹೋನ್‌ಗಳ ದೊಡ್ಡ ಸಂಸಾರ! ಅವುಗಳ ಮೂತಿ ಹಂದಿಯದು, ಚೇಷ್ಟೆ ಕೋತಿಯದು, ಹಸಿವು ಎರಡೂ ಸೇರಿದ್ದು. ಬುಟ್ಟಿ ಮಗುಚಿ ಬಿದ್ದಿತ್ತು. ಎರಡು ಮರಿಗಳು ಒಂದೇ ಗೊರ್ದಿತಾವನ್ನು ಆಚೆಗೊಂದು ಈಚೆಗೊಂದು ಹಿಡಿದು ಜಗ್ಗುತ್ತಿದ್ದವು.

“ನಿನ್ನ ಜಾಗ್ವಾರ್ ಮರಿ ಹಾಕಿದೆ ಕಂಪಾದ್ರೆ” ಎಂದ ಎಲೀಹಿಯೊ.

ಒಬ್ದೂಲಿಯಾ ಚಪ್ಪಲಿ ಕಳಚಿ ಯುದ್ಧಕ್ಕೆ ಹೊರಟಳು. “ಹಚಾ! ನಾಲ್ಕು ಗಂಟೆಗೆ ಎದ್ದು ಸುಟ್ಟಿದ್ದು ನಿಮಗಲ್ಲ!” ಬಾನೆಟ್ಟಿನ ಮೇಲೆ ಕೂತಿದ್ದ ಮುದಿ ಹೆಣ್ಣೊಂದು ಹೆದರಲಿಲ್ಲ. ಅಗಿಯುವುದನ್ನೂ ನಿಲ್ಲಿಸದೆ, ಉಪ್ಪು ಸ್ವಲ್ಪ ಕಡಿಮೆ ಎಂಬಂತೆ ಅವಳನ್ನು ಮೇಲಿಂದ ಕೆಳಗೆ ನೋಡಿತು. ನಕ್ಕು ನಕ್ಕು ಎಲೀಹಿಯೊ ನೆಲದ ಮೇಲೆ ಅಂಗಾತ ಬಿದ್ದ. ಬಿದ್ದವನು ಹಾಗೇ ಇದ್ದ, ಕಸುಬು ಮರೆತಿರಲಿಲ್ಲ. ಒಂದು ಬಂದು ಬೂಟು ಮೂಸಿತು. ಇನ್ನೊಂದು ಎದೆಯ ಮೇಲೆ ಹತ್ತಿ ಕೂತು, ದಾರಿಯಲ್ಲಿ ತಿಂದು ಅವನ ಮೀಸೆಗಂಟಿದ್ದ ಹಲ್ವವನ್ನು ನಿಧಾನವಾಗಿ ನೆಕ್ಕತೊಡಗಿತು. ಅಷ್ಟು ಹತ್ತಿರದಿಂದ ಅವನು ಯಾವ ಮುಖವನ್ನೂ ನೋಡಿರಲಿಲ್ಲ. ಕಣ್ಣಿನ ಸುತ್ತ ಬಿಳಿ ಮಚ್ಚೆ, ಅದರ ಮೇಲೊಂದು ಹುಬ್ಬು, ಮೂಗಿನ ತುದಿಯಲ್ಲೊಂದು ಆತುರ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು.

ಊರಿಗೆ ಮರಳಿದವನು ಮಾರನೆಯ ದಿನವೇ ಗೋಡೆಗೆ ಗೋಣಿತಾಟು ಕಟ್ಟಿ ಒಳಗೆ ಸೇರಿಕೊಂಡ. ಕಾಫಿಗೂ ಹೊರಬರಲಿಲ್ಲ. ಒಬ್ದೂಲಿಯಾ ತಾಟಿನ ಕೆಳಗಿನಿಂದಲೇ ತಟ್ಟೆ ತಳ್ಳುತ್ತಿದ್ದಳು. “ಇಣುಕಿದ್ರೆ ನಿಲ್ಲಿಸಿಬಿಡ್ತೀನಿ” ಎಂದು ಒಳಗಿಂದ ಬೆದರಿಕೆ ಬರುತ್ತಿತ್ತು.

ತಾಟು ಕಳಚಿದ ಭಾನುವಾರ ಪೂಜೆ ಮುಗಿಸಿ ಬಂದ ಜನವೆಲ್ಲ ಅಲ್ಲೇ ನಿಂತಿತು. ಗೋಡೆಯ ತುಂಬ ಆ ಹಲಗೆ ಬೀದಿ, ಹಿಂದೆ ತೆಳುವಾಗುತ್ತಾ ಹೋಗುವ ಬೆಟ್ಟಗಳು. ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ, ಎಲ್ಲ ತೆಹೋನ್‌ಗಳೇ. ಒಂದು ಟೋಪಿ ಹಾಕಿ ಲಾರಿ ಓಡಿಸುತ್ತಿತ್ತು. ಒಂದು ನಿಲುವಂಗಿ ತೊಟ್ಟು ಬ್ಯಾಂಕಿನ ಕಳ್ಳನಿಗೆ ಉಪದೇಶ ಮಾಡುತ್ತಿತ್ತು. ಮೂಲೆಯ ಸ್ಟೇಷನ್ನಿನಲ್ಲಿ ಹೊಗೆಯೊಳಗೆ ನಿಂತ, ಎಲೀಹಿಯೊನದೇ ಮೀಸೆ ಹೊತ್ತ ಗಂಡು, ರೈಲಿನ ಕಿಟಕಿಯಲ್ಲಿ ಕಣ್ಣೊರೆಸಿಕೊಳ್ಳುವ ಹೆಣ್ಣು.

ಎಲೀಹಿಯೊ ಕುಂಚ ಒರೆಸುತ್ತಾ ಪಕ್ಕಕ್ಕೆ ಸರಿದ. ಆಗ ಒಬ್ದೂಲಿಯಾ ಮುಂದೆ ಬಂದು ಕಿಟಕಿಯ ಹೆಣ್ಣನ್ನು ದಿಟ್ಟಿಸಿದಳು.

“ಈ ಹುಬ್ಬು ನಂದು.”

“ಪ್ರಾಣಿ ಅಲ್ವಾ ದೊನ್ಯಾ. ಎಲ್ಲಕ್ಕೂ ಇರುತ್ತೆ.”

“ಐವತ್ತು ವರ್ಷದಿಂದ ಕನ್ನಡಿ ನೋಡ್ತಿದೀನಿ ಕಣೋ. ಹುಬ್ಬು ನಂದು, ಮೂಗೂ ನಂದು. ನನ್ನನ್ನ ಹಂದಿ ಮೂತಿ ಮಾಡಿ ಊರ ಮುಂದೆ ನಿಲ್ಸಿದ್ಯಾ?” ಎಂದವಳು ಇನ್ನೊಮ್ಮೆ ನೋಡಿದಳು. ಮುಖ ಸಡಿಲಾಯಿತು. “ಕಿಟಕೀಲಿ ಚೆನ್ನಾಗೇ ಕಾಣ್ತೀನಿ. ಆದ್ರೆ ಆ ಗಂಡು ಯಾರು? ಸ್ವಲ್ಪ ಲಕ್ಷಣವಾಗಿರೋನನ್ನ ಬರೀಬಾರ್ದಿತ್ತಾ?”

ಜನ ಗೊಳ್ಳೆಂದಿತು. ಆಮೇಲೆ ಗದ್ದಲವೋ ಗದ್ದಲ. “ಇದು ನಮ್ಮ ಪಾದ್ರಿ!” “ಇದು ಚೋನ್, ಹಲ್ಲು ನೋಡು!” ಫೆರ್ಮಿನ್ ಗುಂಪನ್ನು ಸೀಳಿಕೊಂಡು ಬಂದು ಗೋಡೆಯುದ್ದಕ್ಕೂ ತನ್ನನ್ನು ಹುಡುಕಿದ. ಠಾಣೆಯ ಕಂಬಿಗಳ ಹಿಂದೆ, ಗಲ್ಲದಲ್ಲಿ ನರೋಲಿಯಿದ್ದ ಕೈದಿಯನ್ನು ಕಂಡು ಅವನ ಎದೆ ಉಬ್ಬಿತು. “ಸಂತನಾಗಿದ್ದಕ್ಕಿಂತ ಇದೇ ವಾಸಿ” ಎಂದ. ಗೋಡೆಯಲ್ಲಿಲ್ಲದವರಿಗೆ ಮುನಿಸು. ಔಷಧಿ ಅಂಗಡಿಯವಳು ಎರಡು ದಿನ ಎಲೀಹಿಯೊ ಜೊತೆ ಮಾತು ಬಿಟ್ಟಳು. ಅವಳನ್ನು ಹೆಂಡದಂಗಡಿಯ ಬಾಲ್ಕನಿಗೆ ಸೇರಿಸಿದ ಮೇಲೆ ಸರಿಹೋದಳು. ಹಾಗೆ ಸೇರಿಸುತ್ತಾ ಸೇರಿಸುತ್ತಾ ಬೀದಿ ಪಕ್ಕದ ಮನೆಯ ಗೋಡೆಗೂ ಹಬ್ಬಿತು. ಮುಖ ಬರೆಯಲು ಅವನಿಗೀಗ ಅಂಜಿಕೆಯಿರಲಿಲ್ಲ. ನಕ್ಕರೆ ನಗಲಿ, ನಗಲೆಂದೇ ಬರೆದದ್ದು.

ಸುದ್ದಿ ಹರಡಿ ಆಚೀಚಿನ ಊರುಗಳಿಂದ ಕರೆ ಬಂತು. ಒಂದು ಶಾಲೆ, ಒಂದು ಐಸ್‌ಕ್ರೀಮ್ ಅಂಗಡಿ, ಬಸ್ ನಿಲ್ದಾಣ. ಬಣ್ಣದ ಡಬ್ಬಿಗಳನ್ನು ಹೇರಿಕೊಂಡು ಚೋನ್ ಗಾಡಿ ಓಡಿಸುತ್ತಿದ್ದ. ಸೋಮವಾರಗಳಂದು ಒಬ್ದೂಲಿಯಾಳೂ ಮುಂದಿನ ಸೀಟಿನಲ್ಲಿ ಕೂತು ಇಬ್ಬರಿಗೂ ಬುದ್ಧಿ ಹೇಳುತ್ತಾ ಬರುತ್ತಿದ್ದಳು. ಅಂಥದೊಂದು ಸೋಮವಾರ ಶಾಲೆಯ ಗೋಡೆಗೆ ಸಮುದ್ರ ಬರೆಯಬೇಕಿತ್ತು.

“ಅಲೆ ಹೆಂಗಿರುತ್ತೆ ಅಂತ ನಾನು ಹೇಳ್ತೀನಿ” ಎಂದಳು ಒಬ್ದೂಲಿಯಾ. “ಎಷ್ಟೊಂದು ಸಿನಿಮಾದಲ್ಲಿ ನೋಡಿದೀನಿ.”

“ಬರೀ ಸಿನಿಮಾದಲ್ಲಾ?” ಚೋನ್ ಗಾಡಿಯ ವೇಗ ತಗ್ಗಿಸಿದ. “ದೊನ್ಯಾ, ನೀವು ಸಮುದ್ರ ನೋಡೇ ಇಲ್ವಾ?”

“ಅಂಗಡಿ ಯಾರು ನೋಡ್ಕೋತಿದ್ರು?”

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಚೋನ್ ಸ್ಟೇರಿಂಗನ್ನು ಪಶ್ಚಿಮಕ್ಕೆ ತಿರುಗಿಸಿದ. ಒಬ್ದೂಲಿಯಾ ಮೊದಲ ತಿರುವಿನಲ್ಲಿ ಬೈದಳು, ಎರಡನೆಯದರಲ್ಲಿ ಕಣ್ಣು ಮುಚ್ಚಿಕೊಂಡಳು. ಕೆಳಗಿಳಿದಂತೆ ಗಾಳಿ ಬೆಚ್ಚಗಾಗಿ ಪೈನ್ ಮರಗಳ ಜಾಗದಲ್ಲಿ ಮಾವು, ತೆಂಗು ಬಂದಾಗ ಕಿಟಕಿಯಾಚೆ ತಲೆ ಹಾಕಿ ಕೂತುಬಿಟ್ಟಳು.

ಮಸತ್ಲಾನ್‌ನಲ್ಲಿ ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಅವಳು ಲಂಗ ಎತ್ತಿಕಟ್ಟಿ ಮೊಣಕಾಲ ನೀರಿಗೆ ಇಳಿದು ತುಂಬಾ ಹೊತ್ತು ನಿಂತಳು. ಎಲೀಹಿಯೊ ಮರಳಿನ ಮೇಲೆ ಕೂತು ಅವಳ ಬೆನ್ನನ್ನೂ ಅದರಾಚೆಯ ನೀಲಿಯನ್ನೂ ನೋಡುತ್ತಿದ್ದ. ಕೊನೆಗೆ ಅವಳು ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ, ನಾಲಿಗೆಗೆ ತಾಗಿಸಿ ಉಗಿದಳು.

“ಥೂ! ಯಾರು ಮಾಡಿದ್ರೋ ಇದನ್ನ” ಎಂದಳು. “ಕೈ ತಪ್ಪಿ ಉಪ್ಪಿನ ಡಬ್ಬಾನೇ ಸುರಿದುಬಿಟ್ಟಿದಾರೆ.”

ಮತ್ತೆ ಇನ್ನೊಂದು ಬೊಗಸೆ ಎತ್ತಿಕೊಂಡಳು.