ಬಂಡೆಗೆ ಹೆಸರು ಹೇಳುವವಳು

ನನ್ನ ಚಿಕ್ಕಮ್ಮ ವಿಲ್ಮಾ ಮೂವತ್ತು ವರ್ಷದಿಂದ ಪ್ರವಾಸಿ ಹಡಗಿನ ರಬ್ಬರ್ ದೋಣಿ ನಡೆಸುತ್ತಾಳೆ. ಅಲಾಸ್ಕಾದ ನಮ್ಮ ಬೆಟ್ಟಗಳ ನಡುವಿನ ಕಡಲ ಸಂದಿಗೆ ಹೊಕ್ಕಾಗಲೆಲ್ಲ ಎಂಜಿನ್ ನಿಲ್ಲಿಸಿ, ಬಂಡೆಗೆ ತನ್ನ ಹೆಸರು, ತಾಯಿಯ ಹೆಸರು, ಅಜ್ಜಿಯ ಹೆಸರು ಕೂಗಿ ಹೇಳುತ್ತಾಳೆ. ನಾವು ಈ ಕರಾವಳಿಯ ಮೂಲನಿವಾಸಿಗಳು, ಟ್ಲಿಂಗಿಟ್ ಜನ. ಹೆಸರು ಹೇಳದೆ ಇನ್ನೊಬ್ಬರ ಮನೆಗೆ ನುಗ್ಗುವುದುಂಟೇ?

ಹಡಗಿನ ಹೊಸ ಅಧಿಕಾರಿ ಕಾರ್ಸನ್‌ಗೆ ಇದು ರೇಜಿಗೆ. "ಬಂಡೆ ಜೊತೆ ಹರಟಿದ್ದು ಸಾಕು, ಹೊರಡಮ್ಮ," ಎನ್ನುತ್ತಿದ್ದ.

ಕಳೆದ ಆಗಸ್ಟಿನಲ್ಲಿ ಮಳೆಯ ಜೊತೆ ಮಂಜು ಕವಿದು ದೋಣಿಯ ಮೂತಿಯೇ ಕಾಣದಾಯಿತು. ದಾರಿ ತೋರುವ ಯಂತ್ರವೂ ಕೆಟ್ಟಿತು. ಪ್ರವಾಸಿಗರ ಜೊತೆ ಕಾರ್ಸನ್ನೂ ನಾನೂ ದೋಣಿಯಲ್ಲಿದ್ದೆವು. ಚಿಕ್ಕಮ್ಮ ಎಂಜಿನ್ ನಿಲ್ಲಿಸಿ ಎಡಕ್ಕೆ ತಿರುಗಿ, "ಲೋವೀನಾ!" ಎಂದು ಅಜ್ಜಿಯ ಹೆಸರು ಕೂಗಿದಳು. ಪ್ರತಿಧ್ವನಿ ತಡವಾಗಿ ಬಂತು. ಬಲಕ್ಕೆ ಕೂಗಿದಳು, ತಕ್ಷಣ ಬಂತು.

"ಬಲಗಡೆ ಬಂಡೆ ಹತ್ರಾನೇ ಇದೆ. ಎಡಕ್ಕೆ ಹೋಗೋಣ."

ಹಾಗೇ ಕೂಗುತ್ತ, ಕಿವಿಗೊಡುತ್ತ, ಗಂಟೆಯೊಳಗೆ ಎಲ್ಲರನ್ನೂ ಹಡಗಿಗೆ ಮುಟ್ಟಿಸಿದಳು.

ಕಾರ್ಸನ್ ಮೆಲ್ಲಗೆ ಕೇಳಿದ, "ನಂಗೂ ಕಲಿಸ್ತೀರಾ?"

"ಕಲಿಸೋಣ. ಮೊದ್ಲು ನಿಮ್ಮ ಅಜ್ಜಿಯ ಅಜ್ಜಿ ಹೆಸರು ಹೇಳಪ್ಪ."

ಅವನು ತಾಯಿಯನ್ನು ಕೇಳಲು ಫೋನ್ ಹೊರತೆಗೆದ. ಪಕ್ಕದಲ್ಲಿದ್ದ ನಾನು, ನನ್ನನ್ನು ಯಾರೂ ಕೇಳದಿದ್ದರೂ, ನಮ್ಮ ಏಳು ತಲೆಮಾರಿನ ಅಜ್ಜಿಯರ ಹೆಸರನ್ನು ಗಟ್ಟಿಯಾಗಿ ಹೇಳಿದೆ.