ಅದೇ ಹೇಳ್ಲಿ

ಹೊಸದುರ್ಗದ ಲ್ಯಾಪ್‌ಟಾಪ್ ರಿಪೇರಿಯ ಕಾಟಯ್ಯ ಕೂತಲ್ಲಿ ಕೂರುವವನಲ್ಲ; ಬಸ್ಸಿನ ನಡುಕ ಪಾದಕ್ಕೆ ಸರಿಕಾಣದಿದ್ದರೆ ನಡುದಾರಿಯಲ್ಲೇ ಇಳಿದು, ಮುಂದೆ ಕೆಟ್ಟು ನಿಲ್ಲುವ ಆ ಬಸ್ಸಿಗಿಂತ ಮೊದಲು ನಡೆದೇ ಹೊಳಲ್ಕೆರೆ ಸೇರಿರುತ್ತಾನೆ. ಲ್ಯಾಪ್‌ಟಾಪ್ ಕರಕರ ಅನ್ನುತ್ತದೆಂದು ಗಿರಾಕಿ ಬಾಯಿ ತೆರೆದರೆ, "ನೀವು ಸುಮ್ಕಿರ್ರಿ, ಅದೇ ಹೇಳ್ಲಿ" ಎಂದು ಗದರಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಬೆನ್ನಿಗೆ ಊರಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾನೆ. "ಫ್ಯಾನಿನಾಗೆ ಕೂದ್ಲು ಸಿಕ್ಕೈತೆ. ಹೆಂಗಸ್ರದು, ಎಣ್ಣೆ ಹಚ್ಚಿದ್ದು!" ಬಿಚ್ಚಿದರೆ ಹಾಗೇ ಇರುತ್ತದೆ. ಸದ್ದಡಗಿದ ಲ್ಯಾಪ್‌ಟಾಪ್ ಎತ್ತಿಕೊಂಡ ಗಿರಾಕಿ, "ಕಿವಿ ಅಂದ್ರೆ ನಿಂದು ಕಣಯ್ಯಾ!" ಎಂದಾಗ ಕಾಟಯ್ಯ ಚಡಪಡಿಸುತ್ತ, ಅಂಗಡಿಯಲ್ಲೇ ಕೂತ ಹೆಂಡತಿ ಪಾಲಮ್ಮನ ಮುಖ ನೋಡುತ್ತಾನೆ. ಎರಡು ವರ್ಷದಿಂದ ಅವನ ಕಿವಿ ಕೇಳುತ್ತಿಲ್ಲ, ಹಲ್ಲಿಗೆ ತಗಲುವ ನಡುಕವೇ ಅವನಿಗೆ ಸದ್ದು; ಊರಿಗೆ ತಿಳಿದರೆ ಅಂಗಡಿ ಮುಚ್ಚಬೇಕಾದೀತೆಂದು ಅವಳೊಬ್ಬಳಿಗೇ ಹೇಳಿದ್ದಾನೆ. ಅವಳು ನಕ್ಕರೆ, ಗಿರಾಕಿ ಹೊಗಳಿದನೆಂದು ತಿಳಿದು ಅವನೂ ನಗುತ್ತಾನೆ.